ಅಜ್ಜನ ಟ್ರಂಕಿನಲ್ಲಿ ರಾಣೆ ಸಹಿ, ಆನ್‌ಲೈನಿನಲ್ಲಿ ಮಾಣೆಕ್‌ಶಾ ಸಹಿ

ಪ್ರಶ್ನೆ: ನಮ್ಮ ಅಜ್ಜ ಸೇನೆಯ ಎಂಜಿನಿಯರ್ ದಳವಾದ ಬಾಂಬೆ ಸ್ಯಾಪರ್ಸ್‌ನಲ್ಲಿದ್ದರು. ಅವರ ಟ್ರಂಕಿನಲ್ಲಿ ಒಂದು ನೋಟ್‌ಬುಕ್ ಸಿಕ್ಕಿದೆ. ಅದರ ಒಂದು ಪುಟದಲ್ಲಿ ಆರ್. ಆರ್. ರಾಣೆ ಎಂಬ ಸಹಿ, ಕೆಳಗೆ ‘ಸೆಕೆಂಡ್ ಲೆಫ್ಟಿನೆಂಟ್, 1948’ ಎಂದಿದೆ. ಆನ್‌ಲೈನಿನಲ್ಲಿ ಪರಿಚಯವಾದ ವ್ಯಾಪಾರಿಯೊಬ್ಬರು ಇದನ್ನು ಕೊಟ್ಟರೆ ಮಾಣೆಕ್‌ಶಾ ಸಹಿ ಇರುವ ಫೋಟೊ ಕೊಡುತ್ತಾರಂತೆ. ಅದರ ಮೇಲೆ ‘ಫೀಲ್ಡ್ ಮಾರ್ಷಲ್, 16-12-1971’ ಎಂದಿದೆ. ಕೊಡಲೇ?
– ಓದುಗರು, ಕಾರವಾರ

ಉತ್ತರ: ಕೊಡಬೇಡಿ. 1971ರ ಡಿಸೆಂಬರಿನಲ್ಲಿ ಬಾಂಗ್ಲಾ ಯುದ್ಧ ಗೆದ್ದಾಗ ಸೇನಾ ಮುಖ್ಯಸ್ಥ ಮಾಣೆಕ್‌ಶಾ ಇನ್ನೂ ಜನರಲ್. ಫೀಲ್ಡ್ ಮಾರ್ಷಲ್ ಆಗಿದ್ದು 1973ರ ಜನವರಿಯಲ್ಲಿ. ಆಮೇಲೆ ಸಹಿ ಹಾಕಿ ಗೆದ್ದ ದಿನದ ತಾರೀಕು ಬರೆದಿರಬಹುದು ಎಂದು ವ್ಯಾಪಾರಿ ಹೇಳಿಯಾರು. ಹೇಳಲಿ ಬಿಡಿ, ಅಂಥ ಸಮಜಾಯಿಷಿಗೆ ನೋಟ್‌ಬುಕ್ ಕೊಡುವುದು ನಿಮ್ಮ ಕೆಲಸವಲ್ಲ. ಯುದ್ಧಕಾಲದ ಸಹಿ ಕೈಗೆ ಬಂದರೆ ನಾನು ಅಕ್ಷರಕ್ಕಿಂತ ಮೊದಲು ಹುದ್ದೆ ಮತ್ತು ತಾರೀಕು ನೋಡುತ್ತೇನೆ. ನಕಲಿ ಮಾಡುವವರು ಅಕ್ಷರ ಚೆನ್ನಾಗಿ ಕಲಿತಿರುತ್ತಾರೆ, ಇತಿಹಾಸ ಅಷ್ಟಾಗಿ ಓದಿರುವುದಿಲ್ಲ.

ಈಗ ನಿಮ್ಮ ನೋಟ್‌ಬುಕ್ಕಿಗೆ ಬನ್ನಿ. ರಾಮ ರಾಘೋಬಾ ರಾಣೆ ನಿಮ್ಮೂರ ಹತ್ತಿರದ ಚೆಂಡಿಯಾ ಮೂಲದವರು. ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆ ನೋಡಲು ಹೋದವರೆಲ್ಲ ಅವರ ಪ್ರತಿಮೆ ನೋಡಿರುತ್ತಾರೆ. 1948ರ ಏಪ್ರಿಲ್‌ನಲ್ಲಿ, ಕಾಶ್ಮೀರ ಯುದ್ಧದಲ್ಲಿ, ನೌಶೇರಾ–ರಜೌರಿ ದಾರಿಯ ನೆಲಬಾಂಬ್ ತೆಗೆದು ಟ್ಯಾಂಕುಗಳಿಗೆ ಹಾದಿ ಮಾಡಿಕೊಟ್ಟಾಗ ಅವರು ಸೆಕೆಂಡ್ ಲೆಫ್ಟಿನೆಂಟೇ. ಅಂದರೆ ಹುದ್ದೆ ಸರಿಹೋಯಿತು. ಹೆಸರಿನ ಮುಂದೆ ‘ಪಿವಿಸಿ’ ಇಲ್ಲ ಎಂಬುದೂ ಒಳ್ಳೆಯ ಗುರುತು. ಪಿವಿಸಿ ಅಂದರೆ ಆ ಸಾಹಸಕ್ಕೆ ಅವರಿಗೆ ಸಿಕ್ಕ ಪರಮವೀರ ಚಕ್ರ, ಅದು ಶುರುವಾಗಿದ್ದೇ 1950ರ ಜನವರಿ 26ರಂದು. 1948ರ ಸಹಿಯಲ್ಲಿ ಅದು ಇದ್ದಿದ್ದರೆ ನಾನು ಆಗಲೇ ನೋಟ್‌ಬುಕ್ ಮುಚ್ಚಿಡಿ ಎನ್ನುತ್ತಿದ್ದೆ.

ಆದರೂ ಇಷ್ಟಕ್ಕೇ ಅಸಲಿ ಎಂದು ಹೇಳಲಾರೆ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಹಿಡಿದು ನೋಡಿ. ಸಣ್ಣ ಸಣ್ಣ ಚುಕ್ಕಿಗಳು ಕಂಡರೆ ಅದು ಅಚ್ಚು. ಪೆನ್ನಿನದಾದರೆ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು ಇರುತ್ತದೆ. ನಿಧಾನಕ್ಕೆ ತಿದ್ದಿ ಬರೆದ ಸಹಿಯಲ್ಲಿ ಕೈ ನಡುಗಿದ್ದು ಗೊತ್ತಾಗುತ್ತದೆ. ನೋಟು ಪರೀಕ್ಷಿಸುವ ನೇರಳೆ ದೀಪ ಅಂಗಡಿಯವರ ಹತ್ತಿರ ಇರುತ್ತದಲ್ವಾ, ಅದನ್ನೂ ಹಿಡಿದು ನೋಡಿ. ಹಾಳೆ ನೀಲಿಯಾಗಿ ಫಳಫಳ ಹೊಳೆದರೆ ಅನುಮಾನ ಪಡಿ. ಹಾಗೆ ಹೊಳೆಸುವ ರಾಸಾಯನಿಕ ಕಾಗದಕ್ಕೆ ಸೇರಲು ಶುರುವಾಗಿದ್ದು ಸುಮಾರು 1950ರ ನಂತರ.

ಇದೆಲ್ಲಕ್ಕಿಂತ ದೊಡ್ಡ ಸಾಕ್ಷಿ ನಿಮ್ಮ ಅಜ್ಜನ ಸರ್ವಿಸ್ ದಾಖಲೆ. ಅವರು ಆ ವರ್ಷ ಎಲ್ಲಿದ್ದರು, ಯಾವ ಕಂಪನಿಯಲ್ಲಿದ್ದರು ಎಂದು ತೆಗೆಸಿ ಜೊತೆಗಿಡಿ. ಅವರ ರೆಜಿಮೆಂಟಿನ ಕೇಂದ್ರ ಪುಣೆಯ ಖಡ್ಕಿಯಲ್ಲಿದೆ, ವಿಚಾರಿಸಬಹುದು. ಪುಟ ಮಾತ್ರ ಹರಿಯಬೇಡಿ. ನೋಟ್‌ಬುಕ್ ಇಡಿಯಾಗಿದ್ದರೇ ಬೆಲೆ. ಇನ್ನೊಂದು ಮಾತು: ಇತಿಹಾಸದ ಮಹತ್ವವಿರುವ ದಾಖಲೆಗೆ 75 ವರ್ಷ ತುಂಬಿದರೆ 1972ರ ಕಾನೂನಿನ ಪ್ರಕಾರ ಅದು ಪುರಾತನ ವಸ್ತು. ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ಆ ವ್ಯಾಪಾರಿ ಯಾವ ದೇಶದವರು ಎಂದು ನೀವು ಬರೆದಿಲ್ಲ.

ಪ್ರಶ್ನೆ: ಹಳೆಯ ಸಹಿ ಇರುವ ಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಬಹುದೇ?
– ಓದುಗರು, ಶಿರಸಿ

ಉತ್ತರ: ದಮ್ಮಯ್ಯ, ಬೇಡ. ಬಿಸಿಗೆ ಪ್ಲಾಸ್ಟಿಕ್ ಅಂಟಿಕೊಂಡರೆ ಮತ್ತೆ ಬಿಡಿಸಲಾಗದು. ಪಾಲಿಯೆಸ್ಟರ್ ಕವರಿನಲ್ಲಿಡಿ. ಅಗ್ಗದ ಆಲ್ಬಮ್ಮಿನ ಪಿವಿಸಿ ಹಾಳೆ ಬೇಡ (ಈ ಪಿವಿಸಿಗೆ ಯಾವ ಪದಕವೂ ಇಲ್ಲ), ಅದು ಕ್ರಮೇಣ ಕಾಗದವನ್ನು ಹಾಳುಮಾಡುತ್ತದೆ. ನಿಮ್ಮ ಕಡೆಯ ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ, ಆಗಾಗ ಬದಲಿಸಿ. ಅಟ್ಟದ ಮೇಲೆ ಇಡಬೇಡಿ. ಅಲ್ಲಿನ ಬಿಸಿ ಅಡಿಕೆ ಚೀಲಕ್ಕೆ ಸರಿ, ಕಾಗದಕ್ಕಲ್ಲ.