ಚರ್ಮವಿಲ್ಲದ ಡೋಲು

ಪ್ರಶ್ನೆ: ಶಾಲೆಯ ಪುಸ್ತಕವೊಂದರಲ್ಲಿ ಕಾಂಗೋ ದೇಶದ ಡೋಲಿನ ಚಿತ್ರವಿದೆ. ಚರ್ಮವೇ ಇಲ್ಲ! ಮರದಲ್ಲಿ ಉದ್ದಕ್ಕೆ ಒಂದು ಸೀಳು, ತುದಿಯಲ್ಲಿ ಮನುಷ್ಯನ ತಲೆ. ಇದು ಡೋಲು ಹೇಗಾಗುತ್ತೆ ಅಂತ ಮಕ್ಕಳು ಕೇಳುತ್ತಿದ್ದಾರೆ.
– ಶಿಕ್ಷಕರೊಬ್ಬರು, ಚಿಂತಾಮಣಿ

ಉತ್ತರ: ಮೇಷ್ಟ್ರೇ, ನೀವು ಹೇಳಿದ್ದು ನೋಡಿದರೆ ಅದು ಅಲ್ಲಿನ ‘ಯಾಕಾ’ ಎಂಬ ಜನಾಂಗದ ಕಣಿ ಹೇಳುವವರ ಡೋಲು. ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಕಣಿ ಕೇಳಲು ಜನ ಬಂದಾಗ ಅದನ್ನು ಕಡ್ಡಿಯಿಂದ ಬಾರಿಸುತ್ತಾರೆ.

ನಾನು ತುಮಕೂರಿನಲ್ಲಿ ಮೃದಂಗ, ತಬಲ ರಿಪೇರಿ ಮಾಡುವವನು. ಮೃದಂಗದ ಹಲಸಿನ ಮರಕ್ಕೆ ಎರಡೂ ಕಡೆ ಬಾಯಿ ಇರುತ್ತೆ, ಕೈ ಹಾಕಿದರೆ ಒಳಗೆಲ್ಲ ಸಿಗುತ್ತೆ. ಅವರ ದಿಮ್ಮಿಗೆ ಎರಡು ತುದಿಯೂ ಮುಚ್ಚಿರುತ್ತೆ. ಬೆರಳು ತೂರುವಂಥ ಸೀಳಿನಲ್ಲೇ ಉಳಿ ಇಳಿಸಿ ಮರದ ಹೊಟ್ಟೆ ಪೂರ್ತಿ ಬರಿದು ಮಾಡಬೇಕು. ನೆನೆದರೇ ನನಗೆ ಕೈ ಮುಗಿಯಬೇಕು ಅನಿಸುತ್ತೆ.

ಸೀಳಿನ ಎರಡು ಅಂಚನ್ನು ಎರಡು ತುಟಿ ಅಂದುಕೊಳ್ಳಿ. ಒಂದನ್ನು ದಪ್ಪ ಬಿಟ್ಟು, ಇನ್ನೊಂದನ್ನು ಒಳಗಿನಿಂದ ಜಾಸ್ತಿ ಕೊರೆಯುತ್ತಾರೆ. ಆಗ ಒಂದು ಏರು ಸ್ವರ, ಒಂದು ಇಳಿ ಸ್ವರ. ಆ ಎರಡೇ ಸ್ವರದಲ್ಲಿ ಕಾಂಗೋ ನದಿ ದಂಡೆಯ ಲೋಕೆಲೆ ಜನ ದೊಡ್ಡ ಸೀಳುಡೋಲಿನಿಂದ ಊರಿಂದೂರಿಗೆ ಸುದ್ದಿ ಕಳಿಸುತ್ತಿದ್ದರು. ನಮ್ಮಲ್ಲಿ ಡಂಗುರ ಸಾರುವಾಗ ಮೊದಲು ತಮಟೆ, ಆಮೇಲೆ ಬಾಯಿ, ಅಲ್ವಾ? ಅವರಲ್ಲಿ ಡೋಲೇ ಬಾಯಿ. ಅವರ ಕೆಲೆ ಭಾಷೆಯಲ್ಲಿ ಸ್ವರದ ಏರಿಳಿತ ಬದಲಾದರೆ ಅರ್ಥವೂ ಬದಲು. ಡೋಲು ಆ ಏರಿಳಿತವನ್ನೇ ನುಡಿಸುತ್ತಿತ್ತು.

ತೊಡಕೂ ಇದೆ. ‘ಸೊಂಗೆ’ ಅಂದರೆ ಚಂದ್ರ, ‘ಕೊಕೊ’ ಅಂದರೆ ಕೋಳಿ. ಡೋಲಿನಲ್ಲಿ ಎರಡೂ ಒಂದೇ ಥರ ಕೇಳುತ್ತೆ. ಅದಕ್ಕೆ ಬರೀ ಚಂದ್ರ ಅನ್ನುತ್ತಿರಲಿಲ್ಲ, ‘ಭೂಮಿಯನ್ನು ಬಗ್ಗಿ ನೋಡುವ ಚಂದ್ರ’ ಅಂತ ಬಾರಿಸುತ್ತಿದ್ದರು. ಕೋಳಿಗೆ ‘ಕಿಯೊಕಿಯೊ ಅನ್ನುವ ಪುಟ್ಟ ಕೋಳಿ’. ಈ ಡೋಲಿನ ಭಾಷೆಯನ್ನು ಕಲಿತು ಬಾರಿಸಿದ ಜಾನ್ ಕ್ಯಾರಿಂಗ್ಟನ್ ಎಂಬ ಪಾದ್ರಿ 1949ರಲ್ಲಿ ಇದರ ಮೇಲೆ ಪುಸ್ತಕ ಬರೆದರು.

ಮಕ್ಕಳಿಗೆ ಸುಮ್ನೆ ಹೇಳಬೇಡಿ, ಮಾಡಿಸಿ. ಒಣಗಿದ ದಪ್ಪ ಬಿದಿರಿನ ತುಂಡು ತನ್ನಿ, ಎರಡು ಕಡೆಯೂ ಗೆಣ್ಣು ಉಳಿದಿರಲಿ. ನಡುವೆ ಉದ್ದಕ್ಕೆ ಸೀಳು ಕೊರೆಸಿ ಬಾರಿಸಿ. ಆಮೇಲೆ ಒಂದು ತುಟಿಯನ್ನು ಚೂರು ಚೂರೇ ಒಳಗಿನಿಂದ ಹೆರೆದು ಮತ್ತೆ ಬಾರಿಸಿ. ಸ್ವರ ಯಾವಾಗ ಬೇರೆಯಾಯಿತು ಅಂತ ಮಕ್ಕಳೇ ಕೂಗಿ ಹೇಳುತ್ತಾರೆ.