ಆಂಡ್ರ್ಯೂ ಲಕ್ ಬಗ್ಗೆ ನೀವು ಕಳಿಸಿದ ಲೇಖನ

ನಮಸ್ಕಾರ,

ಗಾಯಗಳಿಂದ ನಲುಗಿ 29ಕ್ಕೇ ಆಟ ಬಿಟ್ಟ ಅಮೆರಿಕನ್ ಫುಟ್‌ಬಾಲ್ ಆಟಗಾರ ಆಂಡ್ರ್ಯೂ ಲಕ್ ಬಗ್ಗೆ ನೀವು ಬರೆದದ್ದನ್ನು ಪೂರ್ತಿ ಓದಿದೆ. ಸುತ್ತಿ ಬಳಸಿ ಹೇಳುವುದು ಬೇಡ. ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಆದರೆ ವಿಷಯ ಕೈಬಿಡಬೇಡಿ.

ಮೊದಲ ಎರಡು ಪುಟ ಆಸ್ಪತ್ರೆಯ ಕೇಸ್ ಶೀಟ್ ಥರ ಇದೆ. ಪಕ್ಕೆಲುಬು, ಕಿಡ್ನಿ, ಭುಜ, ಮೀನಖಂಡ ಅಂತ ಸಾಲಾಗಿ ಬರುತ್ತವೆ, ಓದುವವನಿಗೆ ಒಂದೂ ನೋಯುವುದಿಲ್ಲ. ಭುಜ ಒಂದನ್ನೇ ಹಿಡಿಯಿರಿ. ಆತ ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಆಗಿದ್ದ. ತಂಡ ದಾಳಿಗೆ ನಿಂತಾಗ ಚೆಂಡು ಮೊದಲು ಬರುವುದು ಅವನ ಕೈಗೆ. ನೂರಿಪ್ಪತ್ತು ಕಿಲೋ ತೂಗುವವರು ಮೈಮೇಲೆ ಬೀಳುವಷ್ಟರಲ್ಲಿ ಅದನ್ನು ಯಾರಿಗೆ ಎಸೆಯಬೇಕು ಅಂತ ನೋಡಿ ಎಸೆಯಬೇಕು. ಅಂಥವನ ಬಲಭುಜವೇ ಕೆಟ್ಟರೆ ಇನ್ನೇನು ಉಳಿಯಿತು? ನಮ್ಮ ಹೆಚ್ಚಿನ ಓದುಗರಿಗೆ ಈ ಆಟವೇ ಗೊತ್ತಿಲ್ಲ, ನೀವು ಇದನ್ನು ಹೇಳಲೇಬೇಕು. 2015ರಲ್ಲಿ ಭುಜಕ್ಕೆ ಪೆಟ್ಟಾಯಿತು. ಮರುವರ್ಷ ಹಾಗೇ ಆಡಿದ. 2017ರ ಜನವರಿಯಲ್ಲಿ ಆಪರೇಷನ್ ಆಯಿತು, ಆ ಸೀಸನ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಚಿಕಿತ್ಸೆಗೆ ನೆದರ್ಲೆಂಡ್ಸ್‌ವರೆಗೂ ಹೋದ. ಇಂಥ ವರ್ಷವನ್ನು ನೀವು ಅರ್ಧ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ!

2014ರ ಜನವರಿಯಲ್ಲಿ ಕಾನ್ಸಾಸ್ ಸಿಟಿ ತಂಡದ ಎದುರು ಆಡಿದ ಪಂದ್ಯಕ್ಕೆ ‘ಅದ್ಭುತ, ಅಮೋಘ, ರೋಮಾಂಚಕ’ ಅಂತ ಬರೆದಿದ್ದೀರಿ. ಮೂರನ್ನೂ ಹೊಡೆದು ಹಾಕಿ, ಚೆಂಡು ಎಲ್ಲಿ ಹೋಯಿತು ಅಂತ ಬರೆಯಿರಿ. ತಂಡ 28 ಪಾಯಿಂಟ್ ಹಿಂದೆ ಬಿದ್ದಿತ್ತು. ಆಮೇಲೆ ಎದುರಾಳಿಯ ಗೋಲ್ ಗೆರೆಯ ಹತ್ತಿರ (ಚೆಂಡು ಹಿಡಿದು ಅದನ್ನು ದಾಟಿದರೆ ಟಚ್‌ಡೌನ್, ಅಂದ್ರೆ ಪಾಯಿಂಟ್) ಜೊತೆಯವನ ಕೈಯಿಂದ ಚೆಂಡು ಜಾರಿತು. ಅದು ಇನ್ನೊಬ್ಬನ ಹೆಲ್ಮೆಟ್‌ಗೆ ಬಡಿದು ಲಕ್ ಕೈಗೆ ಬಂತು, ಆತ ಹಾರಿ ಗೆರೆ ದಾಟಿದ. ಪಂದ್ಯ 45–44ಕ್ಕೆ ಗೆದ್ದರು. ಇಷ್ಟು ಸಾಕಲ್ವಾ?

ತನ್ನನ್ನು ಕೆಡವಿದ ಎದುರಾಳಿಗೇ ‘ಚೆನ್ನಾಗಿ ಹೊಡೆದೆ’ ಅಂತ ಶಹಬ್ಬಾಸ್ ಹೇಳುತ್ತಿದ್ದ ಸಂಗತಿ ನಿಮ್ಮ ಕೊನೆಯ ಪುಟದಲ್ಲಿ ಸುಮ್ನೆ ಬಿದ್ದಿದೆ. ಅದನ್ನು ಮೊದಲ ಪುಟಕ್ಕೆ ತನ್ನಿ. ಮನುಷ್ಯ ಕಾಣಿಸುವುದೇ ಅಲ್ಲಿ.

ನನ್ನ ದೊಡ್ಡ ತಕರಾರು ಬೇರೆ. ‘ಗಾಯ ಅವನ ಆಟವನ್ನು ಮುಗಿಸಿತು’ ಅಂದಿದ್ದೀರಿ. ಅಷ್ಟು ಸಲೀಸಲ್ಲ. 2018ರಲ್ಲಿ ವಾಪಸ್ ಬಂದು ಟಚ್‌ಡೌನ್ ತಂದುಕೊಟ್ಟ 39 ಪಾಸ್ ಎಸೆದ, ಪುನರಾಗಮನದ ಪ್ರಶಸ್ತಿಯನ್ನೂ ಪಡೆದ. ಮುಂದಿನ ವರ್ಷ ಮತ್ತೆ ಕಾಲು ಕೈಕೊಟ್ಟಿತು. ಗಾಯ, ನೋವು, ಚಿಕಿತ್ಸೆ, ಮತ್ತೆ ಗಾಯ, ಸುಮಾರು ನಾಲ್ಕು ವರ್ಷ ಇದೇ ಆಯಿತು, ಆಟದ ಖುಷಿಯೇ ಹೋಯಿತು ಅಂತ ಆತನೇ ಹೇಳಿದ್ದಾನೆ. ಅಂದ್ರೆ ಬಿಟ್ಟವನು ಅವನು. ಆ ತೀರ್ಮಾನದ ಹತ್ತಿರಕ್ಕೂ ನೀವು ಹೋಗಿಲ್ಲ.

2019ರ ಆಗಸ್ಟ್ 24ರ ರಾತ್ರಿಯನ್ನು ಚೆನ್ನಾಗಿ ಬರೆದಿದ್ದೀರಿ. ಸೀಸನ್‌ಗೆ ಮುಂಚಿನ ಅಭ್ಯಾಸ ಪಂದ್ಯ ನಡೆಯುತ್ತಿರುವಾಗಲೇ ಆತ ಆಟ ಬಿಡುವ ಸುದ್ದಿ ಸೋರುತ್ತದೆ, ಮೈದಾನದಿಂದ ಹೊರಟವನಿಗೆ ಸ್ವಂತ ಊರಿನ ಜನವೇ ಕೂಗಿ ಛೀಮಾರಿ ಹಾಕುತ್ತಾರೆ. ಆದರೆ ತಕ್ಷಣ ನೀವು ಅವರನ್ನು ‘ಕೃತಘ್ನರು’ ಅಂತ ಬೈಯುತ್ತೀರಿ. ಸೀಸನ್ ಶುರುವಾಗಲು ಎರಡೇ ವಾರ ಇತ್ತು, ಅವರ ಹೊಟ್ಟೆಯುರಿಗೂ ಕಾರಣ ಇತ್ತು. ಬೈಯುವುದೋ ಬಿಡುವುದೋ ಓದುಗ ನೋಡಿಕೊಳ್ಳಲಿ.

ಕೊನೆಯ ‘ಸೋಲೇ ಗೆಲುವಿನ ಮೆಟ್ಟಿಲು’ ಪ್ಯಾರಾ ಪೂರ್ತಿ ತೆಗೆಯಿರಿ. 2024ರಲ್ಲಿ ಆತ ತಾನು ಓದಿದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೇ ಫುಟ್‌ಬಾಲ್ ಜನರಲ್ ಮ್ಯಾನೇಜರ್ ಆಗಿ ಹೋದದ್ದನ್ನು ಹೇಳಿ ನಿಲ್ಲಿಸಿ. ಸಾವಿರ ಪದ ಮೀರದ ಹಾಗೆ ತಿದ್ದಿ ಕಳಿಸಿ. ಮತ್ತೆ ಓದುತ್ತೇನೆ.

– ಸಂಪಾದಕ