ಇಷ್ಟು ವರ್ಷ ಉಚಿತವಾಗಿ ಓದಿಸಿದ ಕಾಲೇಜು ಈಗ ಫೀ ಕೇಳಿದರೆ ತಪ್ಪೇನು?

ನಿಮ್ಮೂರಿನ ಟ್ರಸ್ಟ್ ಕಾಲೇಜು ಇಷ್ಟು ದಿನ ಫೀ ಇಲ್ಲದೆ ಓದಿಸಿತು, ಈಗ ದುಡ್ಡಿಲ್ಲ, ಮುಂದಿನ ಸಾಲಿನಿಂದ ತಗೊಳ್ತೀವಿ ಅಂತಿದೆ. ಹಳೇ ವಿದ್ಯಾರ್ಥಿಗಳು ವಿರೋಧ ಮಾಡಬೇಕಾ, ಸ್ವಲ್ಪ ಫೀ ಇದ್ದರೆ ಮಕ್ಕಳಿಗೂ ಓದಿನ ಬೆಲೆ ಗೊತ್ತಾಗುತ್ತೆ ಅಲ್ವಾ ಅಂತ ಕೇಳಿದ್ದೀರಿ.

ನಾನು ರಾಯಚೂರು ಜಿಲ್ಲೆಯ ಒಂದು ತಾಲೂಕು ಊರಿನಲ್ಲಿ ಇಂಥದ್ದೇ ಕಾಲೇಜಿನಲ್ಲಿ ಬಿಎ ಓದಿದವನು. ಆಮೇಲೆ ಅದರ ಆಫೀಸಿನಲ್ಲೇ ಒಂಬತ್ತು ವರ್ಷ ಗುಮಾಸ್ತನಾಗಿದ್ದೆ. ಅಲ್ಲಿ ಮೊದಲ ಫೀ ರಸೀದಿ ಹರಿದುಕೊಟ್ಟವನೂ ನಾನೇ.

ಉಚಿತ ಅಂದರೆ ಯಾರೂ ದುಡ್ಡು ಕೊಡ್ತಿರಲಿಲ್ಲ ಅಂತಲ್ಲ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಲಕ್ಷಗಟ್ಟಲೆ ಜನ ಉಣ್ಣುತ್ತಾರೆ, ಯಾರೂ ಕೂಪನ್ ಕೇಳಲ್ಲ. ಆದರೆ ಆ ಜೋಳದ ರೊಟ್ಟಿ ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರ್ ಹತ್ತಿ ಬಂದಿರುತ್ತೆ. ನಮ್ಮ ಕಾಲೇಜಿಗೆ ರೊಟ್ಟಿ ಬರ್ತಿದ್ದದ್ದು ಹತ್ತಿ ಮಾರುಕಟ್ಟೆಯಿಂದ. ಅಡತಿ ಅಂಗಡಿಯವರು, ಅಂದರೆ ರೈತರ ಮಾಲು ಮಾರಿಸಿಕೊಡೋ ದಲಾಲರು, ಹತ್ತಿಯ ಅಂಡಿಗೆಗೆ ಇಷ್ಟು ಪೈಸೆ ಅಂತ ರೈತನ ಪಟ್ಟಿಯಲ್ಲಿ ಧರ್ಮಾದಾ, ಅಂದರೆ ಧರ್ಮದ ವಂತಿಗೆ, ಹಿಡಿಯುತ್ತಿದ್ದರು. ಅಂದರೆ ಫೀ ಕಟ್ಟುತ್ತಿದ್ದವನು ರೈತನೇ. ಆದರೆ ಮಾಲು ಮಾರಿ ಕೈಗೆ ನಾಲ್ಕು ಕಾಸು ಬಂದ ದಿನ ಕಟ್ಟುತ್ತಿದ್ದ. ಇದು ನೆನಪಿರಲಿ.

ಆಮೇಲೆ ಮಾಲು ಸೀದಾ ಹತ್ತಿಯಿಂದ ಬೀಜ ಬಿಡಿಸೋ ಜಿನ್ನಿಂಗ್ ಮಿಲ್ಲಿಗೆ ಹೋಗೋಕೆ ಶುರುವಾಯಿತು, ಧರ್ಮಾದಾ ಬತ್ತಿತು. ಸರ್ಕಾರವೇ ಸಂಬಳ ಕೊಡ್ತಿದ್ದ ಅನುದಾನದ ಮೇಷ್ಟ್ರುಗಳು ಒಬ್ಬೊಬ್ಬರಾಗಿ ನಿವೃತ್ತರಾದರು. ಆ ಹುದ್ದೆ ತುಂಬೋಕೆ ಸರ್ಕಾರದ ಒಪ್ಪಿಗೆ ವರ್ಷಗಟ್ಟಲೆ ಬರಲಿಲ್ಲ. ಪಾಠ ನಿಲ್ಲಿಸೋ ಹಾಗಿಲ್ಲ, ಅತಿಥಿ ಉಪನ್ಯಾಸಕರಿಗೆ ಕಾಲೇಜೇ ಸಂಬಳ ಕೊಡಬೇಕಾಯಿತು. ಇಷ್ಟರ ನಡುವೆ ಕಮಿಟಿಯವರು ಸಾಲ ಮಾಡಿ ಗೇಟಿಗೊಂದು ಕಮಾನು ಕಟ್ಟಿಸಿದರು! ಮೇಲೆ ಅವರದ್ದೇ ಹೆಸರುಗಳು.

ನಗಬೇಡಿ, ದೊಡ್ಡೋರೂ ಇದನ್ನೇ ಮಾಡಿದ್ದಾರೆ. ನ್ಯೂಯಾರ್ಕಿನ ಕೂಪರ್ ಯೂನಿಯನ್ ಕಾಲೇಜನ್ನು 1859ರಲ್ಲಿ ಪೀಟರ್ ಕೂಪರ್ ಅನ್ನೋ ಅಂಟು ತಯಾರಿಸುವ ಉದ್ಯಮಿ ಕಟ್ಟಿದ. ಶತಮಾನಕ್ಕೂ ಜಾಸ್ತಿ ಕಾಲ ಅಲ್ಲಿ ಬೋಧನಾ ಶುಲ್ಕ ಇರಲಿಲ್ಲ. ಕ್ರೈಸ್ಲರ್ ಬಿಲ್ಡಿಂಗ್ ನಿಂತಿರೋ ಜಾಗ ಆ ಕಾಲೇಜಿನದ್ದು, ಅದರ ಬಾಡಿಗೆ ಬರ್ತಿತ್ತು. ಆದರೂ 2006ರಲ್ಲಿ 17.5 ಕೋಟಿ ಡಾಲರ್ ಸಾಲ ಮಾಡಿದರು, ಥಳಥಳ ಹೊಸ ಕಟ್ಟಡ ಎಬ್ಬಿಸಿದರು. ಕೊನೆಗೆ 2014ರಿಂದ ಹೊಸ ವಿದ್ಯಾರ್ಥಿಗಳಿಗೆ ಫೀ. ಹುಡುಗರು ಅಧ್ಯಕ್ಷರ ಕೋಣೆಗೇ ಹೊಕ್ಕು ಎರಡು ತಿಂಗಳು ಕೂತಿದ್ದರು, ವಿಷಯ ಕೋರ್ಟಿಗೂ ಹೋಯಿತು. 2018ರಲ್ಲಿ ಆಡಳಿತ ಮಂಡಳಿ, ಹತ್ತು ವರ್ಷದಲ್ಲಿ ಮತ್ತೆ ಉಚಿತ ಮಾಡ್ತೀವಿ ಅಂತ ಯೋಜನೆ ಹಾಕಿಕೊಂಡಿತು. 2024ರಲ್ಲಿ ದಾನಿಗಳ ಹಣದಿಂದ ಕೊನೇ ವರ್ಷದವರಿಗೆ ಫೀ ರದ್ದು ಮಾಡಿದರು. ತೆಗೆದುಕೊಳ್ಳೋಕೆ ಶುರು ಮಾಡೋದು ಒಂದು ಮೀಟಿಂಗಿನ ಕೆಲಸ, ಬಿಡೋದಕ್ಕೆ ಎಷ್ಟು ವರ್ಷ ನೋಡಿ.

ಅಮೆರಿಕದಲ್ಲೇ ಕೆಂಟಕಿಯ ಬೆರಿಯಾ ಕಾಲೇಜು 1892ರಿಂದ ಬೋಧನಾ ಶುಲ್ಕ ತಗೊಂಡಿಲ್ಲ. ಪ್ರತಿ ವಿದ್ಯಾರ್ಥಿ ವಾರಕ್ಕೆ ಕನಿಷ್ಠ ಹತ್ತು ಗಂಟೆ ಕಾಲೇಜಿನ ಕೆಲಸ ಮಾಡಬೇಕು. ಇಂಥದ್ದಕ್ಕೇ ಬಳಸಿ ಅಂತ ಷರತ್ತಿಲ್ಲದೆ ಉಯಿಲಿನಲ್ಲಿ ಬಂದ ಹಣವನ್ನು ಖರ್ಚು ಮಾಡದೆ ಮೂಲ ನಿಧಿಗೆ ಸೇರಿಸಬೇಕು ಅಂತ 1920ರಲ್ಲೇ ಕಟ್ಟು ಮಾಡಿಕೊಂಡರು. ಬಿತ್ತೋ ಕಾಳನ್ನು ಬೀಸಿ ರೊಟ್ಟಿ ಮಾಡ್ಕೊಂಡು ತಿನ್ನಲಿಲ್ಲ, ಅಷ್ಟೇ.

ಈಗ ನಮ್ಮ ಕಥೆ. ಫೀ 2,500 ಅಂತ ಆಯಿತು. ಜಾಸ್ತಿ ಏನಲ್ಲ ಅಂತ ನನಗೂ ಅನ್ನಿಸಿತ್ತು. ಕೊನೇ ದಿನ ಜುಲೈ 31. ನಮ್ಮ ಕಡೆ ಜುಲೈ ಅಂದರೆ ಬೀಜ, ಗೊಬ್ಬರ, ಕಳೆ ಕೂಲಿ. ಕೈಸಾಲದ ತಿಂಗಳು. ಒಬ್ಬ ಅಪ್ಪ ಕಿಟಕಿಗೆ ಬಂದು ಗೊಬ್ಬರದ ಅಂಗಡಿಯ ಚೀಟಿ ತೋರಿಸಿದರು. ಡಿಎಪಿ ನಾಲ್ಕು ಚೀಲ, ಒಂದಕ್ಕೆ 1,350. ಚೀಟಿಯ ಹಿಂದೆ ಪೆನ್ನಿನಲ್ಲಿ "ಉದ್ರಿ" ಅಂತ ಬರೆದಿತ್ತು. "ಹತ್ತಿ ಬಿಡಿಸಿದ ಮ್ಯಾಲೆ ಕೊಡ್ತೀನ್ರಿ ಸರ್, ಸಂಕ್ರಾಂತಿ ಮುಂದ" ಅಂದರು. ಕಂಪ್ಯೂಟರಿನಲ್ಲಿ ಆ ಕಲಂ ಇರಲಿಲ್ಲ. ಪೂರ್ತಿ ಕಟ್ಟದೆ ಅಡ್ಮಿಷನ್ ಹತ್ತುತ್ತಿರಲಿಲ್ಲ. ಸ್ಕಾಲರ್‌ಶಿಪ್ ಬರುತ್ತಲ್ಲ ಅಂತ ನೀವು ಕೇಳಬಹುದು. ಅದು ಬರೋದು ಫೀ ಕಟ್ಟಿ ಎಷ್ಟೋ ತಿಂಗಳಾದ ಮೇಲೆ. ಸಂಕ್ರಾಂತಿ ಮುಂದೆ ಅವರು ಹೇಳಿದ ಹಾಗೆ ಬಂದರು. ಫೀ ಕಟ್ಟೋಕಲ್ಲ, ಮಗಳ ಪಿಯು ಮಾರ್ಕ್ಸ್ ಕಾರ್ಡ್ ವಾಪಸ್ ತಗೊಳ್ಳೋಕೆ. ಅವಳು ಅಣ್ಣ ಅತ್ತಿಗೆ ಜೊತೆ ಬೆಂಗಳೂರಿಗೆ ಗುಳೆ ಹೋಗಿದ್ದಳು.

ಫೀ ಕಟ್ಟಲಾಗದವರು ಆಫೀಸಿಗೆ ಬಂದು ಜಗಳ ಮಾಡಲ್ಲ. ಸುಮ್ನೆ ಬರೋದು ಬಿಡ್ತಾರೆ. ಹಾಗಾಗಿ ಕಮಿಟಿ ಮೀಟಿಂಗಿನಲ್ಲಿ "ಯಾರಿಂದಲೂ ತಕರಾರಿಲ್ಲ" ಅಂತ ಬರೆದರು. ಅದನ್ನು ಟೈಪ್ ಮಾಡಿದವನೂ ನಾನೇ.

ಇಷ್ಟು ಮಾಡಿ ತೂತು ಮುಚ್ಚಿತಾ? ಇಲ್ಲ. ಮುನ್ನೂರು ಮಕ್ಕಳಿಂದ ಏಳೂವರೆ ಲಕ್ಷ. ಏಳು ಅತಿಥಿ ಉಪನ್ಯಾಸಕರಿಗೆ ತಿಂಗಳಿಗೆ 15,000ದಂತೆ ಹತ್ತು ತಿಂಗಳಿಗೆ ಹತ್ತೂವರೆ ಲಕ್ಷ. ಮರುವರ್ಷ ಫೀ ಏರಿಸಿದರು, ಮಕ್ಕಳು ಕಡಿಮೆಯಾದರು.

ಓದಿನ ಬೆಲೆ ಗೊತ್ತಾಗುತ್ತೆ ಅನ್ನೋ ಮಾತಿದೆಯಲ್ಲ, ಅದನ್ನು ನಾನು ಒಪ್ಪಲ್ಲ. ಬೆಳಿಗ್ಗೆ ಆರರ ಬಸ್ಸಿಗೆ ಬುತ್ತಿ ಕಟ್ಟಿಕೊಂಡು, ಒಂದು ಆಳಿನ ಕೂಲಿ ಬಿಟ್ಟು ಬರೋ ಹುಡುಗಿಗೆ ಬೆಲೆ ಹೇಳಿಕೊಡಬೇಕಾ?

ನೀವು ಸುಮ್ನೆ ವಿರೋಧ ಅಂತ ಬೋರ್ಡ್ ಹಿಡಿಯಬೇಡಿ, ಅದರಿಂದ ಮೇಷ್ಟ್ರಿಗೆ ಸಂಬಳ ಬರಲ್ಲ. ಮೊದಲು ಹೋಗಿ ಹಿಂದಿನ ಐದು ವರ್ಷದ ಆಡಿಟ್ ವರದಿ ಕೇಳಿ. ದುಡ್ಡು ಯಾವ ಬಾಬ್ತಿನಲ್ಲಿ ಸೋರಿದೆ ನೋಡಿ. ಸಂಬಳದಲ್ಲಾದರೆ ಹಳೇ ವಿದ್ಯಾರ್ಥಿಗಳು ಕೂಡಿ ಒಂದೊಂದು ಹುದ್ದೆಗೆ ದತ್ತಿ ಇಡಬಹುದು, ಅಸಲು ಮುಟ್ಟಬಾರದು ಅಂತ ಬರೆಸಿಕೊಂಡು. ಕಮಾನಿನಲ್ಲಾದರೆ ಒಂದು ರೂಪಾಯಿಯೂ ಕೊಡಬೇಡಿ. ಫೀ ತಪ್ಪೋದೇ ಇಲ್ಲ ಅಂತಾದರೆ, ಕೊನೇ ದಿನಾಂಕವನ್ನು ಜನವರಿಗೆ ಹಾಕಿಸಿ. ನೀರಾವರಿ ಊರಾದರೆ ಭತ್ತ ಮಾರಿದ ಮೇಲೆ ಅಂತ ಮಾಡಿಸಿ. ನಿಮ್ಮದು ಯಾವ ಕಡೆ?